ಓವನ್ ಇಲ್ಲದೆ ಹುಟ್ಟುಹಬ್ಬಕ್ಕೆ ಚಾಕೊಲೇಟ್: ಎರಡು ಸಲ ಕೆಟ್ಟಿತು, ಎಲ್ಲಿ ತಪ್ಪಿದೆ?

ರಾಜಾಜಿನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ತಿಂಗಳಲ್ಲಿ ನನ್ನ ಮಗಳಿಗೆ ಆರು ವರ್ಷ ತುಂಬುತ್ತದೆ. ಸಂಜೆ ಐದು ಗಂಟೆಗೆ ನಮ್ಮ ತಾರಸಿಯ ಮೇಲೆ ಸುಮಾರು 30 ಮಕ್ಕಳು ಸೇರಲಿದ್ದಾರೆ. ಕೇಕ್ ಬೇಕರಿಯಿಂದ ಬರುತ್ತದೆ. ಮಕ್ಕಳ ಕೈಗಿಡುವ ಚಾಕೊಲೇಟನ್ನಾದರೂ ಮನೆಯಲ್ಲಿಯೇ ಮಾಡಬೇಕೆಂಬುದು ನನ್ನ ಆಸೆ. ನನ್ನಲ್ಲಿರುವುದು ಗ್ಯಾಸ್ ಒಲೆ ಮತ್ತು ಫ್ರಿಜ್ ಮಾತ್ರ.

ಈಗಾಗಲೇ ಎರಡು ಸಲ ಪ್ರಯತ್ನಿಸಿದ್ದೇನೆ. ಮೊದಲ ಸಲ, ಅಂಗಡಿಯಿಂದ ತಂದ ಹಾಲಿನ ಚಾಕೊಲೇಟ್ ಬಾರುಗಳನ್ನು ಕುದಿಯುವ ನೀರಿನ ಮೇಲಿಟ್ಟ ಬೋಗುಣಿಯಲ್ಲಿ ಕರಗಿಸುತ್ತಿದ್ದಾಗ, ಅದುವರೆಗೆ ನಯವಾಗಿದ್ದುದು ಇದ್ದಕ್ಕಿದ್ದಂತೆ ಗಟ್ಟಿ ಮುದ್ದೆಯಾಗಿ ಸೌಟಿಗೆ ಅಂಟಿಕೊಂಡಿತು. ಸಡಿಲವಾದೀತೆಂದು ಒಂದು ಚಮಚ ನೀರು ಹಾಕಿದೆ, ಇನ್ನಷ್ಟು ಬಿಗಿಯಿತು. ಎರಡನೆಯ ಸಲ ಕಪ್ಪು ಚಾಕೊಲೇಟ್ ಬಾರು ತಂದು ಕರಗಿಸಿ ಅಚ್ಚಿಗೆ ಹೊಯ್ದು ಫ್ರಿಜ್‌ನಲ್ಲಿಟ್ಟೆ. ಮರುದಿನ ಅದರ ಮೇಲೆ ಬೂದಿ ಬಳಿದಂತೆ ಬಿಳಿ ಗೆರೆಗಳು, ಮುಟ್ಟಿದರೆ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಮನೆಯವರು ಅದನ್ನು ಹಾಲಿಗೆ ಹಾಕಿಕೊಂಡು ಕುಡಿದು ಮುಗಿಸಿದರು. ತಪ್ಪು ನನ್ನ ಕೈಯದೋ, ಚಾಕೊಲೇಟಿನದೋ ದಯವಿಟ್ಟು ತಿಳಿಸಿ.

ಜಯನಗರದ ಕೇಕ್ ಮನೆ:
ಮೇಡಂ, ಮೊದಲನೆಯದು ನೀರಿನ ತಪ್ಪು, ಎರಡನೆಯದು ಚಾಕೊಲೇಟಿನ ಆಯ್ಕೆಯ ತಪ್ಪು. ಚಾಕೊಲೇಟ್ ಎಂದರೆ ಕೊಬ್ಬಿನೊಳಗೆ ಹರಡಿರುವ ಸಕ್ಕರೆ ಮತ್ತು ಕೋಕೋದ ಒಣ ಕಣಗಳು. ಅದಕ್ಕೆ ನಾಲ್ಕು ಹನಿ ನೀರು ಬಿದ್ದರೂ ಸಕ್ಕರೆ ಅಂಟಾಗಿ ಕಣಗಳೆಲ್ಲ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ನಿಮ್ಮ ಬೋಗುಣಿಯ ಅಂಚಿನಿಂದ ಆವಿ ಮೇಲೆದ್ದು ಒಳಗೆ ಹನಿಯಾಗಿರಬೇಕು. ಹಾಗೆ ಮುದ್ದೆಯಾದದ್ದಕ್ಕೆ ಒಂದು ಚಮಚ ನೀರು ಸಾಲದು. ಬಿಸಿ ಹಾಲನ್ನೋ ಕ್ರೀಮನ್ನೋ ಧಾರಾಳವಾಗಿ ಬೆರೆಸಿ ತಿರುವಿದರೆ ಅದು ಮತ್ತೆ ನಯವಾಗುತ್ತದೆ, ಆದರೆ ಅಚ್ಚಿಗೆ ಬರುವುದಿಲ್ಲ, ಐಸ್‌ಕ್ರೀಮಿನ ಮೇಲೆ ಸುರಿಯುವ ಸಾಸ್ ಆಗುತ್ತದೆ.

ಮುಂದಿನ ಸಲ ಬಾರು ಬಿಟ್ಟು, ಬೇಕರಿ ಸಾಮಾನಿನ ಅಂಗಡಿಯಲ್ಲಿ 'ಕಾಂಪೌಂಡ್' ಎಂದು ಕೇಳಿ ಗಟ್ಟಿ ತುಂಡನ್ನು ತನ್ನಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಕರಗಿಸಿ ಹೊಯ್ದರೆ ಸಾಕು, ತಾನಾಗಿ ಗಟ್ಟಿಯಾಗುತ್ತದೆ. ನೀರು ಕುದಿದ ಮೇಲೆ ಒಲೆ ಆರಿಸಿ, ನೀರಿಗೆ ತಳ ತಾಗದಂತೆ, ಕೆಳಗಿನ ಪಾತ್ರೆಯ ಬಾಯಿ ಪೂರ್ತಿ ಮುಚ್ಚುವಷ್ಟು ಅಗಲದ ಒಣ ಬೋಗುಣಿಯನ್ನು ಅದರ ಮೇಲಿಡಿ. ಸೌಟು, ಅಚ್ಚು ಎಲ್ಲವನ್ನೂ ಬಟ್ಟೆಯಿಂದ ಒರೆಸಿರಬೇಕು. ನಾನು ಅರ್ಧ ಕೆಜಿ ಕಾಂಪೌಂಡಿಗೆ 250 ಗ್ರಾಂ ಕಡಲೆಕಾಯಿ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿಸಿ, ಜಜ್ಜಿ ಬೆರೆಸುತ್ತೇನೆ. ಬಟರ್ ಪೇಪರಿನ ಮೇಲೆ ಚಮಚದಲ್ಲಿ ಇಟ್ಟರೆ ಸುಮಾರು 60 ತುಂಡುಗಳಾಗುತ್ತವೆ, ಮಗುವಿಗೆ ಎರಡರಂತೆ ಸರಿಹೋಗುತ್ತದೆ. ಕಡಲೆಬೀಜ ಒಗ್ಗದ ಮಕ್ಕಳಿದ್ದಾರೆಯೇ ಎಂದು ಪೋಷಕರನ್ನು ಮುಂಚೆಯೇ ಕೇಳಿಬಿಡಿ. ಅನುಮಾನವಿದ್ದರೆ ಕಾರ್ನ್‌ಫ್ಲೇಕ್ಸ್ ಹಾಕಿ, ಬೀಜವನ್ನು ಆ ಅಡುಗೆಯ ಹತ್ತಿರ ತರಲೇಬೇಡಿ.

ಮಲ್ಲೇಶ್ವರದ ಅಜ್ಜಿ:
ಅಚ್ಚು, ಕರಗಿಸುವುದು ಇವೆಲ್ಲ ನಿಮಗೆ ಏಕಮ್ಮಾ? ಹೂರಣ ತಿರುವಲು ಬರುವವರಿಗೆ ಚಾಕೊಲೇಟ್ ಉಂಡೆ ಮಾಡಲು ಬಂದೇ ಬರುತ್ತದೆ. ದಪ್ಪ ತಳದ ಬಾಣಲೆಗೆ ಸುಮಾರು 400 ಗ್ರಾಂನ ಒಂದು ಡಬ್ಬಿ ಮಿಲ್ಕ್‌ಮೇಡ್, ಜರಡಿ ಹಿಡಿದ ಮೂರು ದೊಡ್ಡ ಚಮಚ ಕೋಕೋ ಪುಡಿ, ಒಂದು ಚಮಚ ಬೆಣ್ಣೆ ಹಾಕಿ, ಗಂಟಿಲ್ಲದಂತೆ ಕಲಸಿದ ಮೇಲೆಯೇ ಒಲೆ ಹಚ್ಚಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಿ. ಹತ್ತು ಹನ್ನೆರಡು ನಿಮಿಷಕ್ಕೆ ಅದು ತಳ ಬಿಟ್ಟು ಬರುತ್ತದೆ. ಸೌಟಿನಿಂದ ನಡುವೆ ಗೆರೆ ಎಳೆದರೆ ಬಾಣಲೆಯ ತಳ ಕಾಣಿಸಿ, ನಿಧಾನವಾಗಿ ಮುಚ್ಚಿಕೊಳ್ಳಬೇಕು. ಬರ್ಫಿಯ ಹದಕ್ಕೆ ಹೋಗಲು ಬಿಟ್ಟರೆ ಆರಿದ ಮೇಲೆ ಹಲ್ಲಿಗೆ ಅಂಟುತ್ತದೆ. ತುಪ್ಪ ಸವರಿದ ತಟ್ಟೆಯಲ್ಲಿ ಆರಿಸಿ, ಗೋಲಿಗಿಂತ ತುಸು ದೊಡ್ಡದಾಗಿ ಉಂಡೆ ಕಟ್ಟಿ ಒಣ ಕೊಬ್ಬರಿ ತುರಿಯಲ್ಲಿ ಹೊರಳಿಸಿ. ಒಂದು ಡಬ್ಬಿಗೆ ಸುಮಾರು 25 ಉಂಡೆಗಳಾಗುತ್ತವೆ. ಇದಕ್ಕೆ ಬಿಳಿ ಗೆರೆಯ ಭಯವಿಲ್ಲ.

ಪುತ್ತೂರಿನವ, ಈಗ ವಿಜಯನಗರ:
ಕಾಂಪೌಂಡಿನ ರುಚಿಯ ಬಗ್ಗೆ ಯಾರೂ ಮಾತನಾಡಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಅಡಿಕೆ ತೋಟದೊಳಗೆ ಕೋಕೋ ಬೆಳೆಯುವ ಊರಿನವನು ನಾನು; ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ನಮ್ಮ ಪುತ್ತೂರಿನಲ್ಲಿದೆ. ಕೋಡು ಒಡೆದು ಬೀಜದ ಮೇಲಿನ ಬಿಳಿ ಲೋಳೆಯನ್ನು ಹುಳಿಸಿಹಿಯಾಗಿ ಚೀಪಿ ಬೆಳೆದವರಿಗೆ, ನಾಲಿಗೆಗೆ ಮೇಣದಂತೆ ಅಂಟುವ ಕಾಂಪೌಂಡ್ ಒಪ್ಪುವುದು ಕಷ್ಟ.

ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟಬಲ್ಲದು. ಅವುಗಳಲ್ಲಿ ಐದನೆಯದಕ್ಕೆ ಮಾತ್ರ ಹೊಳಪೂ ಮುರಿದಾಗ 'ಟಕ್' ಎನ್ನುವ ಗುಣವೂ ಇವೆ, ಅದು ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಸುಮ್ಮನೆ ಕರಗಿಸಿ ಆರಿಸಿದರೆ ಕೆಳಗಿನ ಬಗೆಯ ಹರಳುಗಳೇ ಕಟ್ಟಿಕೊಂಡು, ಕೊಬ್ಬು ಮೇಲೆ ಬಂದು ಬಿಳಿ ಗೆರೆಯಾಗುತ್ತದೆ. ಕಪ್ಪು ಚಾಕೊಲೇಟನ್ನು 45 ಡಿಗ್ರಿಗೆ ಕರಗಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿ ಅಚ್ಚಿಗೆ ಹೊಯ್ದರೆ ಈ ತೊಂದರೆ ಇಲ್ಲ. ಥರ್ಮಾಮೀಟರ್ ಒಂದಿದ್ದರೆ ಸಾಕು.

ಜಯನಗರದ ಕೇಕ್ ಮನೆ:
ಪುತ್ತೂರಿನವರ ಮಾತು ಸರಿ, ನನ್ನ ನಾಲಿಗೆಯೂ ಅದನ್ನೇ ಹೇಳುತ್ತದೆ. ಆದರೆ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೇ 34 ಡಿಗ್ರಿ ಮುಟ್ಟುವಾಗ, ಅಷ್ಟು ಶ್ರಮಪಟ್ಟು ಮಾಡಿದ್ದು ಕಾದ ತಾರಸಿಯ ಮೇಲೆ ಮಕ್ಕಳ ಅಂಗಿಗೆ ಮೆತ್ತಿಕೊಳ್ಳುತ್ತದೆ. ಡಿಸೆಂಬರಿನ ಹುಟ್ಟುಹಬ್ಬವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮೇಡಂ, ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ, ಇಲ್ಲವಾದರೆ ತುಂಡುಗಳ ಮೇಲೆ ನೀರು ಜಿನುಗುತ್ತದೆ.

ರಾಜಾಜಿನಗರದ ಅಮ್ಮ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಎರಡನ್ನೂ ಅರ್ಧ ಅಳತೆಯಲ್ಲಿ ಮಾಡಿ ನೋಡಿದೆ. ಕಾಂಪೌಂಡ್ ತುಂಡುಗಳು ಸಂಜೆಯವರೆಗೆ ತಾರಸಿಯ ನೆರಳಿನಲ್ಲಿ ಇದ್ದರೂ ಆಕಾರ ಬಿಡಲಿಲ್ಲ. ಅಜ್ಜಿಯವರೇ, ನಿಮ್ಮ ಉಂಡೆಯನ್ನು ನಾನು ತುಸು ಹೆಚ್ಚೇ ತಿರುವಿದೆನೆಂದು ಕಾಣುತ್ತದೆ, ಅಗಿಯಲು ಗಟ್ಟಿಯಾಯಿತು. ಮಗಳು ಮಾತ್ರ ಅದನ್ನೇ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಮುಂದಿನ ಸಲ ಗೆರೆ ಮುಚ್ಚಿಕೊಳ್ಳುವಾಗಲೇ ಇಳಿಸುತ್ತೇನೆ.