ಮರು: ‘ಎಸ್ಟೇಟ್ ಸೇಲ್’ಗೆ ಕನ್ನಡದಲ್ಲಿ ಏನನ್ನೋಣ? ಅರ್ಜೆಂಟ್

> ಅಮೆರಿಕದ ಎಸ್ಟೇಟ್ ಸೇಲ್‌ಗಳಲ್ಲಿ ಹಳೇ ಮರಗೆಲಸದ ಸಾಮಾನು ಕೊಳ್ಳುವ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ತಲೆಬರಹದಲ್ಲೇ ನಿಂತುಬಿಟ್ಟಿದೆ. ‘ಹ್ಯಾಂಡ್ ಪ್ಲೇನ್’, ‘ಪಿಟಿಂಗ್’ ಇವಕ್ಕೂ ಪದ ಬೇಕು.

>> ಹರಾಜು. ಇದಕ್ಕೆ ಚರ್ಚೆ ಯಾಕೆ?

ಹರಾಜು ಅಲ್ಲವೇ ಅಲ್ಲ. ಹರಾಜಿನಲ್ಲಿ ಕೂಗುವವರಿರುತ್ತಾರೆ. ಇಲ್ಲಿ ಮನೆಯವರು ತೀರಿಕೊಂಡ ಮೇಲೆ, ಇಲ್ಲವೇ ವಯಸ್ಸಾಗಿ ಮನೆ ಬಿಡುವಾಗ, ಒಳಗಿನ ಸಾಮಾನಿಗೆಲ್ಲ ಬೆಲೆಚೀಟಿ ಅಂಟಿಸಿರುತ್ತಾರೆ. ಜನ ಒಳಗೇ ಹೋಗಿ ಆರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಎರಡು ಮೂರು ದಿನ ನಡೆಯುತ್ತದೆ. ಎಷ್ಟೋ ಕಡೆ ಕೊನೆಯ ದಿನ ಅರ್ಧ ಬೆಲೆ.

‘ಎಸ್ಟೇಟ್ ಸೇಲ್’ ಅಂತಲೇ ಬಿಟ್ಟರೆ ಕೊಡಗು, ಚಿಕ್ಕಮಗಳೂರಿನವರು ಕಾಫಿ ತೋಟ ಮಾರಾಟಕ್ಕಿದೆ ಅಂದುಕೊಳ್ಳುತ್ತಾರೆ. ‘ಆಸ್ತಿ ಮಾರಾಟ’ ಅಂದರೆ ಸೈಟು, ಜಮೀನು.

‘ಮನೆಯೊಡವೆ ಮಾರಿಕೆ’ ಅಂತ ಅಚ್ಚಗನ್ನಡ ಕೊಟ್ಟವರಿಗೆ: ಒಡವೆಗೆ ಸ್ವತ್ತು ಅನ್ನುವ ಹಳೇ ಅರ್ಥ ಇರುವುದು ನಿಜ. ಒಡೆಯ, ಒಡೆತನ, ಒಡಮೆ ಎಲ್ಲ ಒಂದೇ ಬಳ್ಳಿ. ನನಗೂ ಆ ಪದದ ಮೇಲೆ ಪ್ರೀತಿ ಜಾಸ್ತಿ. ಆದರೆ ಇವತ್ತು ಒಡವೆ ಅಂದರೆ ಚಿನ್ನ, ಬಳೆ, ಸರ. ತಲೆಬರಹ ಓದಿದವರು ಗರಗಸ ಹುಡುಕಿಕೊಂಡು ಬರುವುದಿಲ್ಲ.

ಎರವಲು ಪದ ಮುಟ್ಟಲೇಬಾರದು ಅನ್ನುವ ಹಟವನ್ನೂ ಬಿಡಿ. ಹರಾಜು ಅರಬ್ಬಿಯಿಂದ ಬಂದದ್ದು, ಉತ್ತರ ಕರ್ನಾಟಕದ ಲಿಲಾವು ಪೋರ್ಚುಗೀಸರದ್ದು. ಗರಗಸವೇ ಸಂಸ್ಕೃತದ ಕ್ರಕಚದ ತದ್ಭವ. ಪರಭಾಷೆ ಅಂತ ಯಾವ ಆಚಾರಿಯೂ ಅದನ್ನು ಕೆಳಗಿಟ್ಟಿಲ್ಲ.

ನನ್ನ ಸಲಹೆ ‘ಇಡೀ ಮನೆಯ ಸಾಮಾನು ಮಾರಾಟ’. ‘ಇಡೀ’ ತೆಗೆಯಬೇಡಿ. ತೆಗೆದರೆ, ಬೇಡದ ಕೆಲವು ಸಾಮಾನನ್ನಷ್ಟೇ ಮಾರುವ ಗ್ಯಾರೇಜ್ ಸೇಲ್‌ಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಮರವನ್ನು ಕೀಸಿ ನುಣುಪು ಮಾಡುವ ಹ್ಯಾಂಡ್ ಪ್ಲೇನ್‌ಗೆ ಕೀಸುಳಿ. ಕೀಸುವ ಉಳಿ, ಅಷ್ಟೇ. ತೋಪಡ ಅನ್ನುವ ಕಡೆಗಳೂ ಇವೆ, ಅದೂ ಸರಿ. ‘ಸಮತಲಕ’ ಬೇಡ. ಕೆಲಸದವರ ಬಾಯಲ್ಲಿ ಜೀವಂತವಾಗಿರುವ ಪದ ಇರುವಾಗ ಸುಮ್ನೆ ಹೊಸದು ಕಟ್ಟುವುದು ಯಾಕೆ?

ಪಿಟಿಂಗ್ ವಿಷಯದಲ್ಲಿ ಮಾತ್ರ ಹುಷಾರು. ತುಕ್ಕು ಹಿಡಿದಿರುವುದು ಬೇರೆ, ತುಕ್ಕು ತಿಂದಿರುವುದು ಬೇರೆ. ಹಿಡಿದದ್ದು ಉಜ್ಜಿದರೆ ಹೋಗುತ್ತದೆ. ತಿಂದದ್ದು ಉಕ್ಕಿನಲ್ಲಿ ಗುಳಿ ಬಿಟ್ಟಿರುತ್ತದೆ. ಅಲಗಿನ ಬೆನ್ನಲ್ಲಿ, ಅಂಚಿನ ಹತ್ತಿರವೇ ಆ ಗುಳಿಗಳಿದ್ದರೆ ಸಾಣೆ ಹಿಡಿದರೂ ಅಂಚು ಮುಕ್ಕಾಗಿಯೇ ಬರುತ್ತದೆ, ಕೀಸಿದ ಮರದ ಮೇಲೆ ಗೆರೆ ಎದ್ದು ಕಾಣುತ್ತದೆ. ಕೊಳ್ಳುವವರು ಮೊದಲು ನೋಡಬೇಕಾದದ್ದೇ ಇದು. ಹಾಗಾಗಿ ‘ತುಕ್ಕುಗುಳಿ’ ಅನ್ನಿ. ಬರೀ ‘ತುಕ್ಕು’ ಅಂತ ಬರೆದರೆ ಓದುಗರು ಒಳ್ಳೇ ಕೀಸುಳಿಯನ್ನೂ ಬಿಟ್ಟು ಬರುತ್ತಾರೆ.

ಇನ್ನೊಂದು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಕೀಸುಳಿ ಅಂದಮೇಲೆ ಅದರ ವಿನ್ಯಾಸ ಮಾಡಿದ ಲಿಯೊನಾರ್ಡ್ ಬೇಯ್ಲಿಯ ಹೆಸರೂ ಬರುತ್ತದೆ ಅಲ್ವಾ? ಅವನ ಪೇಟೆಂಟುಗಳನ್ನು ಆ ಕಂಪನಿ 1869ರಲ್ಲಿ ಕೊಂಡಿತು, ಎಷ್ಟೋ ಕೀಸುಳಿಗಳ ಮುಂತುದಿಯಲ್ಲಿ ಅವನ ಹೆಸರು ಎರಕದಲ್ಲೇ ಇರುತ್ತದೆ. ಅದನ್ನು ‘ಬೇಲಿ’ ಅಂತ ಬರೆಯಬೇಡಿ, ತೋಟದ ಬೇಲಿಯಾಗುತ್ತದೆ. ‘ಬೇಯ್ಲಿ’ ಇರಲಿ.

ಅಲಗಿನ ಮೇಲೆ ಕೂತು ಕೀಸಿದ ಸಿಪ್ಪೆಯನ್ನು ಮುರಿಯುವ ಪಟ್ಟಿ, ಅಂದರೆ ಚಿಪ್ ಬ್ರೇಕರ್‌ಗೆ ನಿಮ್ಮ ಕಡೆಯ ಆಚಾರಿಗಳು ಏನನ್ನುತ್ತಾರೆ? ಕಿವಿಯಾರೆ ಕೇಳಿದವರು ಬರೆಯಿರಿ. ಕೂತಲ್ಲೇ ಕಟ್ಟಿದ ಪದ ಕಳಿಸಬೇಡಿ.