ಮೊದಲ ಪೇಪರ್ ತಿರಸ್ಕೃತವಾದ ಮೇಲೆ ನೀವೇನು ಮಾಡಿದಿರಿ?

ಕುಮಟಾದಿಂದ ಪ್ರಶ್ನೆ: ಪಿಎಚ್‌ಡಿಯ ಎರಡನೆಯ ವರ್ಷದಲ್ಲಿದ್ದೇನೆ. ಯಂತ್ರಕಲಿಕೆಯ (ಮಷೀನ್ ಲರ್ನಿಂಗ್) ದೊಡ್ಡ ಸಮ್ಮೇಳನವೊಂದಕ್ಕೆ ಕಳಿಸಿದ ಸಂಶೋಧನಾ ಪೇಪರನ್ನು ಒಬ್ಬ ವಿಮರ್ಶಕರು ಮೆಚ್ಚಿದರು, ಇನ್ನೊಬ್ಬರು ಹೊಸತೇನಿಲ್ಲ ಎಂದರು, ಮೂರನೆಯವರು ನಾಲ್ಕೇ ಸಾಲು ಬರೆದು ಕಡಿಮೆ ಅಂಕ ಕೊಟ್ಟರು. ಅದನ್ನೇ ಬೇರೆಡೆಗೆ ಕಳಿಸಲೇ, ವಿಷಯವನ್ನೇ ಬಿಡಲೇ? ಅನುಭವವಿರುವ ಹಿರಿಯರು ತಿಳಿಸಬೇಕು.

ಶಿರಸಿಯಿಂದ: ವಿಷಯ ಬಿಡಬೇಡಿ. 2014ರಲ್ಲಿ ಯಂತ್ರಕಲಿಕೆಯದೇ ದೊಡ್ಡ ಸಮ್ಮೇಳನವಾದ ನ್ಯೂರಿಪ್ಸ್‌ನವರು (ಆಗ ಅದರ ಹೆಸರು ನಿಪ್ಸ್) 166 ಪೇಪರ್‌ಗಳನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿದರು. 43ರ ವಿಷಯದಲ್ಲಿ ತೀರ್ಮಾನಗಳು ಹೊಂದಲಿಲ್ಲ, ಒಂದು ಸಮಿತಿ ಆರಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಕೈಬಿಟ್ಟಿತ್ತು. 2021ರಲ್ಲಿ ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಇದೇ ಫಲ ಬಂತು. ನಮ್ಮ ಪೇಟೆಯ ಟೆಂಡರಿನಲ್ಲಿ ಒಂದೇ ಚಾಲಿ ಅಡಿಕೆಗೆ ನಾಲ್ವರು ವ್ಯಾಪಾರಿಗಳು ನಾಲ್ಕು ದರ ಬರೆಯುವುದನ್ನು ನೋಡುತ್ತ ಬೆಳೆದ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಆದರೆ ಅಲ್ಲಿ ಹೆಚ್ಚು ಬರೆದವರಿಗೆ ಮಾಲು ಹೋಗುತ್ತದೆ. ಇಲ್ಲಿ ಬಹಳ ಸಲ ಕಡಿಮೆ ಅಂಕ ಬರೆದವರ ಮಾತೇ ನಡೆಯುತ್ತದೆ.

ಕಾರವಾರದಿಂದ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿ ಅದೇ ಪ್ರತಿಯನ್ನು ಮತ್ತೆ ಕಳಿಸಿ ನಾನು ಪೆಟ್ಟು ತಿಂದಿದ್ದೇನೆ. ಹಿಂದಿನ ಸಮ್ಮೇಳನದಲ್ಲಿ ಅದನ್ನು ಓದಿದ್ದ ವಿಮರ್ಶಕರ ಕೈಗೇ ಅದು ಮರಳಿ ಬಿದ್ದಿತ್ತು. ತಾವು ಸೂಚಿಸಿದ ಒಂದು ತಿದ್ದುಪಡಿಯೂ ಆಗಿಲ್ಲವೆಂದು ಅವರು ಮೊದಲ ಸಾಲಿನಲ್ಲೇ ಬರೆದರು. ಈಗ ನಾನೇ ವಿಮರ್ಶೆಗೆ ಕುಳಿತಾಗ, ಪಾಠ ಹೇಳುವ ಕೆಲಸದ ನಡುವೆ ಕೆಲವೇ ವಾರಗಳಲ್ಲಿ ಐದಾರು ಪೇಪರ್ ಓದಿ ಮುಗಿಸಬೇಕಾಗಿ, ಆ ನಾಲ್ಕು ಸಾಲು ಎಲ್ಲಿಂದ ಹುಟ್ಟುತ್ತವೆಂದು ತಿಳಿಯಿತು (ಅದನ್ನು ಸಮರ್ಥಿಸುತ್ತಿಲ್ಲ). ಹೊಸತೇನಿಲ್ಲ ಎಂದವರ ಮಾತೇ ನಿಮಗೆ ಹೆಚ್ಚು ಉಪಯೋಗದ್ದು: ಹಿಂದಿನ ಯಾವ ಕೆಲಸಕ್ಕಿಂತ ನಿಮ್ಮದು ಎಲ್ಲಿ ಬೇರೆ ಎಂಬುದನ್ನು ಪೀಠಿಕೆಯಲ್ಲೇ ಹೇಳಿ, ಅದರೊಡನೆ ನೇರ ಹೋಲಿಕೆಯ ಪ್ರಯೋಗವೊಂದನ್ನು ಸೇರಿಸಿ.

ಹೊನ್ನಾವರದಿಂದ: ಒಂದೇ ಮಾತು. ಅಂಕಗಳ ಸರಾಸರಿಯಷ್ಟರಿಂದಲೇ ತೀರ್ಮಾನವಾಗುವುದಿಲ್ಲ; ಏರಿಯಾ ಚೇರ್ ಆದವರು (ವಿಮರ್ಶಕರ ಮೇಲಿದ್ದು ತೀರ್ಮಾನವನ್ನು ಸೂಚಿಸುವವರು) ವಿಮರ್ಶಕರ ಚರ್ಚೆಯನ್ನು ನೋಡುತ್ತಾರೆ. ಆದ್ದರಿಂದ ಮುಂದಿನ ಸಲ ರಿಬಟಲನ್ನು (ವಿಮರ್ಶೆಗಳಿಗೆ ಲೇಖಕರು ಕೊಡುವ ಉತ್ತರ) ಟೀಕಿಸಿದವರೊಡನೆ ಜಗಳಕ್ಕೆಂದು ಬರೆಯದೆ, ಮೆಚ್ಚಿದವರು ಆ ಚರ್ಚೆಯಲ್ಲಿ ನಿಮ್ಮ ಪರವಾಗಿ ಎತ್ತಿ ಹೇಳಬಹುದಾದಂತೆ ಬರೆಯಿರಿ. ಇದೇ ಕ್ಷೇತ್ರದ ಐಸಿಎಲ್‌ಆರ್ ಸಮ್ಮೇಳನದ ವಿಮರ್ಶೆಗಳು ಓಪನ್‌ರಿವ್ಯೂ ತಾಣದಲ್ಲಿ ಎಲ್ಲರಿಗೂ ತೆರೆದಿವೆ, ತಿರಸ್ಕೃತವಾದವುಗಳದ್ದನ್ನೂ ಓದಿ.

ಕುಮಟಾದಿಂದ: ಎಲ್ಲರಿಗೂ ವಂದನೆಗಳು. ಈಗಷ್ಟೇ ಪ್ರತಿಯನ್ನು ತೆರೆದು ನೋಡಿದೆ; ನನ್ನ ಕೆಲಸ ಯಾವುದರಲ್ಲಿ ಬೇರೆ ಎಂಬ ವಾಕ್ಯ ಐದನೆಯ ಪುಟದಲ್ಲಿದೆ.