ಸಮುದ್ರ ಬಿಸಿಯಾದರೆ ಹೊರಗಿನ ಜೀವಿಗಳು ಹಬ್ಬುವುದು ಹೇಗೆ? ಶಾಲೆಯಲ್ಲಿ ಮಾಡಿ ತೋರಿಸಲು ಪ್ರಯೋಗ ಬೇಕು

ಬಾಗಲಕೋಟೆ_ವಿಜ್ಞಾನ_ಟೀಚರ್:
ಒಂಬತ್ತನೇ ತರಗತಿಯ ಮಕ್ಕಳು ವಸ್ತುಪ್ರದರ್ಶನಕ್ಕೆ ಈ ವಿಷಯ ತಗೊಂಡಿದ್ದಾರೆ. "ಬಿಸಿ ನೀರು ಹೊಸ ಜೀವಿಗಳನ್ನು ಕರೆತರುತ್ತದೆ" ಅಂತ ಚಾರ್ಟಿನಲ್ಲಿ ಬರೆದರೆ ಸರಿಯೇ? ಸಮುದ್ರವನ್ನೇ ನೋಡದ ಮಕ್ಕಳಿಗೆ ಲ್ಯಾಬಿನಲ್ಲಿ ಏನು ಮಾಡಿ ತೋರಿಸಬಹುದು?

ಬೆಳಗಾವಿ_ಜಲಜೀವಿ:
ಮೇಡಮ್, ಹಾಗೆ ಬರೆಸಬೇಡಿ. ಕರೆತರುವುದು ಹಡಗು ಮತ್ತು ಕಾಲುವೆ. ಬಂದದ್ದು ಸಾಯದೆ ಉಳಿದು ಮರಿ ಮಾಡುವಂತೆ ಮಾಡುವುದು ಬಿಸಿ. ಕೆಂಪು ಸಮುದ್ರಕ್ಕೂ ಮೆಡಿಟರೇನಿಯನ್‌ಗೂ ಸೂಯೆಜ್ ಕಾಲುವೆ ದಾರಿ ಮಾಡಿದ್ದು 1869ರಲ್ಲಿ. ಬೆಚ್ಚನೆಯ ಸಮುದ್ರದ, ವಿಷಮುಳ್ಳಿನ ಸಿಂಹಮೀನು ಇಸ್ರೇಲ್‌ನ ಮೆಡಿಟರೇನಿಯನ್ ಕರಾವಳಿಯಲ್ಲಿ ಮೊದಲು ಸಿಕ್ಕಿದ್ದು 1991ರಲ್ಲಿ, ಆಗ ಅದು ನೆಲೆಯೂರಲಿಲ್ಲ. 2012ರಿಂದೀಚೆಗೆ ಲೆಬನಾನ್, ಸೈಪ್ರಸ್ ಸುತ್ತ ಬೇರುಬಿಟ್ಟಿತು. ದಾರಿ ತೆರೆದೇ ಇತ್ತು, ನೀರು ಒಗ್ಗಬೇಕಿತ್ತು.

ಮಕ್ಕಳು ವರ್ಷದ ಸರಾಸರಿ ಉಷ್ಣತೆಯ ಗ್ರಾಫ್ ಹಾಕುತ್ತಾರೆ, ಅದರಿಂದ ಮುಖ್ಯ ವಿಷಯ ಕಾಣುವುದಿಲ್ಲ. ಚಳಿಗಾಲದ ಕನಿಷ್ಠ ಉಷ್ಣತೆ ನೋಡಬೇಕು. ಅಟ್ಲಾಂಟಿಕ್‌ಗೆ ಹೊಕ್ಕ ಸಿಂಹಮೀನಿನ ಮೇಲೆ ನಡೆದ ಪ್ರಯೋಗದಲ್ಲಿ ಅದು 16 ಡಿಗ್ರಿ ಆಸುಪಾಸಿನಲ್ಲಿ ಮೇವು ಬಿಟ್ಟಿತು, 10ರ ಸುಮಾರಿಗೆ ಸತ್ತಿತು. ಹತ್ತು ತಿಂಗಳು ನೀರು ಎಷ್ಟೇ ಬೆಚ್ಚಗಿದ್ದರೂ ಒಂದು ವಾರ 10ಕ್ಕಿಳಿದರೆ ಆ ಮೀನು ಅಲ್ಲಿ ಉಳಿಯುವುದಿಲ್ಲ.

ಕೆಲವು ಜೀವಿಗಳಿಗೆ ತಡೆ ಇರುವುದು ಬೇಸಿಗೆಯಲ್ಲಿ. ಜರ್ಮನಿಯ ಸಿಲ್ಟ್ ದ್ವೀಪದಲ್ಲಿ 1986ರಿಂದ ಪೆಸಿಫಿಕ್ ಸಿಂಪಿ ಸಾಕಣೆ ನಡೆದಿದೆ. ಅಲ್ಲಿನ ತಣ್ಣೀರಿನಲ್ಲಿ ಅದು ತತ್ತಿ ಇಡಲಾರದು ಎಂದೇ ತಿಳಿದಿದ್ದರು. ಬೆಚ್ಚನೆಯ ಬೇಸಿಗೆಗಳು ಸಾಲಾಗಿ ಬಂದಾಗ ಅದರ ಮರಿಗಳು ಸಾಕಣೆಯಿಂದಾಚೆ ಹೋಗಿ, ಅಲ್ಲಿನ ಮಸಲ್ ಚಿಪ್ಪುಗಳ ಹಾಸಿನ ಮೇಲೆಯೇ ಅಂಟಿ ಬೆಳೆದವು.

ವಿಜಯಪುರ_ಮತ್ಸ್ಯ:
ಟೀಚರ್, ಪ್ರಯೋಗಕ್ಕ ಆರ್ಟೀಮಿಯಾ ತತ್ತಿ ತರಸ್ರಿ, ಅಕ್ವೇರಿಯಂ ಅಂಗಡ್ಯಾಗ ಸಿಗ್ತಾವ. ಆರ್ಟೀಮಿಯಾ ಅಂದ್ರ ಉಪ್ಪುನೀರಾಗ ಬಾಳೂ ಸಣ್ಣ ಸಿಗಡಿಯಂಥ ಜೀವಿ. ಒಂದು ಲೀಟರಿನ ಮೂರು ಪಾರದರ್ಶಕ ಬಾಟಲಿ ತಗೋರಿ. ಒಂದೊಂದಕ್ಕ 25 ಗ್ರಾಂ ಹರಳುಪ್ಪು, 0.1 ಗ್ರಾಂ ತತ್ತಿ ಹಾಕ್ರಿ. ಇಷ್ಟು ಸಣ್ಣ ತೂಕ ಅಕ್ಕಸಾಲಿಗರ ತಕ್ಕಡ್ಯಾಗ ಮಾಡಿಸ್ರಿ. ಒಂದು ಗ್ರಾಂನ್ಯಾಗ ಎರಡು ಲಕ್ಷಕ್ಕಿಂತ ಹೆಚ್ಚು ತತ್ತಿ ಇರ್ತಾವ, ಜಾಸ್ತಿ ಹಾಕಿದ್ರ ಎಣಿಸಾಕ ಬರಂಗಿಲ್ಲ.

ಶುದ್ಧ ಕುಡಿಯುವ ನೀರಿನ ಘಟಕದ ನೀರು ಬ್ಯಾಡ. ಅದರಾಗ ಕ್ಷಾರ ಇರಂಗಿಲ್ಲ, ನೀರಿನ ಪಿಎಚ್ 8ಕ್ಕಿಂತ ಕೆಳಗ ಇಳಿದ್ರ ತತ್ತಿ ಸರಿಯಾಗಿ ಒಡಿಯಂಗಿಲ್ಲ. ನಮ್ಮ ಕಡೆ ಬೋರ್‌ವೆಲ್ಲಿನ ಗಡಸು ನೀರೇ ಚಲೋ. ಘಟಕದ ನೀರೇ ಇದ್ರ ಒಂದು ಗ್ರಾಂ ಅಡಿಗಿ ಸೋಡಾ ಹಾಕ್ರಿ. ನಳದ ನೀರಾದ್ರ ಕ್ಲೋರಿನ್ ಹೋಗಾಕ ಒಂದು ದಿನ ತೆರೆದಿಡ್ರಿ.

ಒಂದು ಬಾಟಲಿ ಐಸ್ ಹಾಕಿದ ಬಕೆಟ್‌ನ್ಯಾಗ 18 ಡಿಗ್ರಿಗೆ, ಇನ್ನೊಂದು ಹೀಟರ್ ಇಟ್ಟ ಬಕೆಟ್‌ನ್ಯಾಗ 28ಕ್ಕ, ಮೂರನೇದು ಹಂಗೇ 36ಕ್ಕ. ಮೂರಕ್ಕೂ ಗಾಳಿ ನಳಿಗಿ ತಳದ ತನಕ ಬಿಡ್ರಿ, ಮ್ಯಾಲ ಬೆಳಕಿರಲಿ. 24 ತಾಸಿನ ಮ್ಯಾಲ 28ರ ಬಾಟಲಿಯೊಳಗ ಕಿತ್ತಳಿ ಬಣ್ಣದ ಮರಿ ಗಿಜಿಗಿಜಿ ಅಂತಾವ, 18ರೊಳಗ ಭಾಳ ತಡ ಆಗ್ತದ. 33 ದಾಟಿದ್ರ ತತ್ತಿಯೊಳಗಿನ ಬೆಳವಣಿಗಿ ನಿಲ್ತದ. ಬಿಸಿ ಎಲ್ಲಾ ಜೀವಿಗೂ ಎಲ್ಲಾ ಕಡೆನೂ ಅನುಕೂಲ ಅಲ್ಲ ಅನ್ನೂದೂ ಇದರಾಗೇ ಕಾಣ್ತದ.

ಎಣಿಸೂ ಮುಂದ ಗಾಳಿ ಬಂದ್ ಮಾಡಬ್ಯಾಡ್ರಿ. ಬಂದ್ ಮಾಡಿದ್ರ ಸಿಪ್ಪಿ ಮ್ಯಾಲ ತೇಲಿ ಮರಿ ಕೆಳಗ ಇಳಿದು ಲೆಕ್ಕ ತಪ್ತದ. ಪಿಪೆಟ್ಟಿನಿಂದ ಒಂದು ಮಿ.ಲೀ. ತಗೊಂಡು ಒಂದು ಹನಿ ಟಿಂಚರ್ ಅಯೋಡಿನ್ ಹಾಕಿದ್ರ ಮರಿ ನಿಲ್ತಾವ, ಲೆನ್ಸಿನ್ಯಾಗ ಎಣಿಸ್ರಿ. ಹಿಂಗ ಮೂರು ಸಲ ಮಾಡಿ ಸರಾಸರಿ ತಗೋರಿ.

ಬಾಗಲಕೋಟೆ_ವಿಜ್ಞಾನ_ಟೀಚರ್:
ಭಾಳ ಉಪಕಾರ ಆಯ್ತು ಸರ್. ಆಮೇಲೆ ನೀರನ್ನು ಚರಂಡಿಗೆ ಬಿಡಬಹುದೇ?

ವಿಜಯಪುರ_ಮತ್ಸ್ಯ:
ಬ್ಯಾಡ್ರಿ. ಐದು ನಿಮಿಷ ಕುದಿಸಿ ಚೆಲ್ರಿ. ಡಬ್ಬಿಯೊಳಗ ಬರೂದು ಹೆಚ್ಚಾಗಿ ಅಮೆರಿಕದ ತಳಿ. ಅದೇ ತಳಿ ಮೆಡಿಟರೇನಿಯನ್ ಸುತ್ತಿನ ಉಪ್ಪಿನಗದ್ದಿಗೆ ಹೊಕ್ಕು ಅಲ್ಲಿನ ಆರ್ಟೀಮಿಯಾ ಹೊರಗ ಹಾಕೇದ. ತತ್ತಿ ಒಣಗಿದ್ರೂ ವರ್ಷಗಟ್ಟಲೆ ಸಾಯಂಗಿಲ್ಲ, ಅದಕ್ಕ ಬಿಸಿಲಿಗೆ ಒಣಗಿಸಿ ಬಿಸಾಕಿದ್ರ ಉಪಯೋಗ ಇಲ್ಲ. ಕೃಷ್ಣಾ ನದಿಯ ಸಿಹಿನೀರಾಗ ಇದು ಬಾಳಂಗಿಲ್ಲ, ಖರೆ. ಆದ್ರೂ ಈ ಶಿಸ್ತು ಮಕ್ಕಳಿಗೆ ಈಗಿನಿಂದಲೇ ರೂಢಿ ಆಗಬೇಕು.

ಬೆಳಗಾವಿ_ಜಲಜೀವಿ:
ಹಡಗಿನ ಭಾಗಕ್ಕೂ ಒಂದು ಚಾರ್ಟ್ ಇಡಿ. ಸರಕು ಇಳಿಸಿದ ಹಡಗು ತೂಕಕ್ಕಾಗಿ ಬಂದರಿನ ನೀರನ್ನೇ ತುಂಬಿಕೊಂಡು, ಮುಂದಿನ ಬಂದರಿನಲ್ಲಿ ಚೆಲ್ಲುತ್ತದೆ. ಇದನ್ನು ಬ್ಯಾಲಸ್ಟ್ ನೀರು ಅನ್ನುತ್ತಾರೆ. ಇದರ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಗಿ 2017ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಶುದ್ಧೀಕರಿಸಿ ಬಿಡುವ ನೀರಿನ ಒಂದು ಘನ ಮೀಟರಿನಲ್ಲಿ 50 ಮೈಕ್ರಾನ್ (0.05 ಮಿ.ಮೀ.) ಮತ್ತು ಅದಕ್ಕಿಂತ ದೊಡ್ಡ ಬದುಕಿರುವ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು. ತೊಂದರೆ ಏನೆಂದರೆ ಈ ನಿಯಮ ಹಡಗಿನ ಹೊರಮೈಗೆ ಅಂಟಿ ಬರುವ ಜೀವಿಗಳನ್ನು ಮುಟ್ಟುವುದಿಲ್ಲ. 1960ರ ದಶಕದಲ್ಲಿ ವಿಶಾಖಪಟ್ಟಣ ಬಂದರಿನಲ್ಲಿ ಕಂಡ ಮಧ್ಯ ಅಮೆರಿಕದ ಕಡೆಯ ಸಣ್ಣ ಚಿಪ್ಪುಜೀವಿ ಮೈಟಿಲೋಪ್ಸಿಸ್ ಇಂಥ ಅಂಟುವ ಜಾತಿ. ಅದು ಹಾಸುಹಾಸಾಗಿ ಕಟ್ಟಿಕೊಂಡಾಗ ಕೆರೆದು ತೆಗೆಯುವುದು ಒಂದು ದಾರಿ, ಆದರೆ ಕೆರೆದದ್ದನ್ನು ದಡಕ್ಕೆ ತರದೆ ಅಲ್ಲೇ ನೀರಿಗೆ ಬಿಟ್ಟರೆ ಬದುಕುಳಿದದ್ದು ಮತ್ತೆ ಅಂಟಿಕೊಳ್ಳುತ್ತದೆ.